ಹೊಂಬಾಳಮ್ಮನ ಗಂಡ

ಬಿಳಿಕಲ್ಲುಪಾಳ್ಯದ ಭೈರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ಒಂದು ಸೀನಿಗೆ ಹಾರಿಹೋಗುತ್ತಿತ್ತು. ಅವಳ ಸಿಟ್ಟು ಹೊಟ್ಟೆಯ ತಳದಲ್ಲಿದೆ. ಅದನ್ನು ಅಲ್ಲಿ ತಂದಿಟ್ಟವರು ಇದೇ ಊರಿನವರು, ಈಗ ಅವಳ ಬಾಯಿ ಜೋರು ಎಂದು ಬಾಯಿ ಬಡಿದುಕೊಳ್ಳುವವರೂ ಇವರೇ.

ಅವಳ ಕಣ್ಣು ಬೆಕ್ಕಿನ ಕಣ್ಣು. ಮೈಬಣ್ಣ ಎಲ್ಲರ ಹಾಗೆ, ಮಾತು ಎಲ್ಲರ ಹಾಗೆ, ಕಣ್ಣು ಮಾತ್ರ ತಿಳಿಹಸಿರು. ಅವಳಪ್ಪ ಹನುಮಂತಯ್ಯನದೂ ಹಾಗೇ ಇತ್ತು, ಅವನಪ್ಪನದೂ ಹಾಗೇ ಇತ್ತಂತೆ. ಆ ಕಣ್ಣು ಎಲ್ಲಿಂದ ಬಂತು ಎನ್ನುವುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಅವಳ ತೆಂಗಿನ ತೋಟದ ಮೂಲೆಯಲ್ಲಿ ಗಾರೆಯ ಬಿಳಿ ಗೋರಿಯೊಂದಿದೆ. ಎಲ್ಲರೂ ಅದನ್ನು ದೊರೆ ಗುಡ್ಡೆ ಎನ್ನುತ್ತಾರೆ. ಅದರ ಪಕ್ಕದಲ್ಲೇ ಎರಡು ಕಾಡುಗಲ್ಲು ನೆಟ್ಟಿರುವ ಮಣ್ಣಿನ ಗುಡ್ಡೆ. ಅದು ಹೊಂಬಾಳಮ್ಮನದು.

ದೊರೆಯ ಹೆಸರು ಆರ್ಥರ್. ಊರಿನ ಬಾಯಲ್ಲಿ ಹಾತರಪ್ಪ. ಇಂಗ್ಲೆಂಡಿನ ಯಾವುದೋ ಲಾರ್ಡ್ ಆಸ್ಕರ್‌ಡೇಲ್ ಎಂಬ ದೊಡ್ಡ ಮನೆತನದ ಎರಡನೆಯ ಮಗ. ನೂರು ವರ್ಷಕ್ಕೂ ಹಿಂದೆ ಕಂದಿಕೆರೆ ಆಚೆಯ ಗುಡ್ಡಗಳಲ್ಲಿ ಅದಿರು ಹುಡುಕುತ್ತ ಬಂದವನು, ಗುಡಾರ ಹಾಕಿದ್ದು ಇಲ್ಲಿ. ಗುಡಾರದಲ್ಲಿ ಅಡಿಗೆಗೆಂದು ಬಂದವಳು ಹೊಂಬಾಳಮ್ಮ. ಬಳೆ ಒಡೆದುಕೊಂಡು ಎರಡು ವರ್ಷವಾಗಿದ್ದ ಹುಡುಗಿ. ಆಮೇಲೆ ಏನಾಯಿತೆಂದು ಹೇಳಬೇಕಿಲ್ಲ. ಆದರೆ ಹಾತರಪ್ಪ ಕದ್ದುಮುಚ್ಚಿ ಇಟ್ಟುಕೊಳ್ಳಲಿಲ್ಲ. ಊರಿನ ಹಿರಿಯರನ್ನು ಕರೆಸಿ, ನಿಮ್ಮ ಪದ್ಧತಿ ಏನಿದೆಯೋ ಅದನ್ನು ಮಾಡಿ ಎಂದ. ವಿಧವೆಗೆ ಮತ್ತೆ ಮದುವೆಯೆಂದರೆ ಇಲ್ಲಿ ಕೂಡಾವಳಿ. ಚಪ್ಪರವಿಲ್ಲ, ವಾಲಗವಿಲ್ಲ. ಹೊತ್ತು ಇಳಿದ ಮೇಲೆ ಮನೆಯೊಳಗೆ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ತಾಳಿ ಕಟ್ಟುವುದು, ಅಷ್ಟೇ. ದೊರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾಳಿ ಕಟ್ಟಿದ. ಒಬ್ಬ ಮಗ ಹುಟ್ಟಿದ. ನಾಲ್ಕಾರು ವರ್ಷದಲ್ಲಿ ದೊರೆ ಜ್ವರ ಬಂದು ಸತ್ತ. ಸಾಯುವಾಗ, ನನ್ನನ್ನು ಎಲ್ಲಿಗೂ ಒಯ್ಯಬೇಡಿ, ಹೊಂಬಾಳಿಯ ತೋಟದಲ್ಲೇ ಇಡಿ ಅಂದನಂತೆ.

ಕೂಡಾವಳಿ ಮಾಡಿಸಿದ ಊರೇ ಕೂಡಾವಳಿಯವಳನ್ನು ಹಿಂದಕ್ಕೆ ತಳ್ಳುತ್ತದೆ. ಅಂಥವಳು ಮದುವೆ ಮನೆಯಲ್ಲಿ ಆರತಿ ಎತ್ತುವಂತಿಲ್ಲ, ಹಸೆ ಹತ್ತಿರ ಸುಳಿಯುವಂತಿಲ್ಲ. ಮುಂದೆ ಅವಳ ಮಕ್ಕಳಿಗೆ ಹೆಣ್ಣು ಕೇಳಲು ಹೋದರೆ ಹತ್ತು ಮಾತು. ಹೊಂಬಾಳಮ್ಮ ಅದನ್ನೆಲ್ಲ ನುಂಗಿಕೊಂಡೇ ಸತ್ತಳು. ಭೈರಮ್ಮ ನುಂಗುವವಳಲ್ಲ.

ಶಾಲೆಯಲ್ಲಿ 'ದೊರೆ ಸಂತಾನ' ಎಂದು ರೇಗಿಸಿದ ಹುಡುಗನ ಕಿವಿ ಹರಿಯುವ ಹಾಗೆ ಎಳೆದವಳು ಅವಳು. ಗಂಡಿನ ಕಡೆಯವರು ಕಣ್ಣು ನೋಡಿ ಎದ್ದುಹೋದಾಗ, ಅವರಿಗೆ ಕೊಟ್ಟಿದ್ದ ಕಾಫಿ ಲೋಟ ಬೀದಿಗೆ ಎಸೆದಳು. ಕೊನೆಗೆ ಕೆಂಕೆರೆಯ ಭೀಮರಾಜು ಮನೆ ಅಳಿಯನಾಗಿ ಬಂದ. ಅವಳ ಕಣ್ಣು ನೋಡಿ, 'ಕತ್ತಲೇಲಿ ಟಾರ್ಚ್ ಬೇಕಿಲ್ಲ ಬುಡು' ಎಂದು ನಕ್ಕ ಪುಣ್ಯಾತ್ಮ. ಅವನೂ ಹೋದ. ಅವಳ ತಮ್ಮ ಗಂಗಾಧರ ತನಗೆ ಮದುವೆಯಾಗುವ ಮುಂಚೆಯೇ ಲಾರಿಗೆ ಸಿಕ್ಕಿ ಹೋಗಿದ್ದ. ಉಳಿದವಳು ಮಗಳು ಪವಿತ್ರಾ, ಚಿಕ್ಕನಾಯಕನಹಳ್ಳಿಯ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ತೋಟದ ಕಾಯಿ ಸಾಲದ್ದಕ್ಕೆ ಭೈರಮ್ಮ ರುದ್ರೇಶನ ಕೊಬ್ಬರಿ ಗೋದಾಮಿನಲ್ಲಿ ಕರಟ ಒಡೆಯುತ್ತಾಳೆ. ಮಚ್ಚಿನ ಒಂದೊಂದು ಏಟಿಗೂ ಯಾರಾದರೊಬ್ಬರ ನೆನಪಾಗುತ್ತದೆ ಎಂದು ಅವಳೇ ಹೇಳಿಕೊಳ್ಳುವುದುಂಟು.

ಪಿತೃಪಕ್ಷದ ಅಮಾವಾಸ್ಯೆಗೆ ಎರಡೂ ಗುಡ್ಡೆಗೆ ಎಡೆ ಇಡುವುದು ಆ ಮನೆಯ ನೇಮ. ಸತ್ತವರಿಗೆ ಏನು ಇಷ್ಟವಿತ್ತೋ ಅದು ಎಲೆಯ ಮೇಲೆ ಬರಬೇಕು. ಹೊಂಬಾಳಮ್ಮನಿಗೆ ಕಜ್ಜಾಯ, ಎಲೆಅಡಿಕೆ, ಹೊಗೆಸೊಪ್ಪು. ಹಾತರಪ್ಪನಿಗೆ ಕೋಳಿಸಾರು, ಚುಟ್ಟ, ಒಂದು ಲೋಟ ಬ್ರಾಂದಿ. ಎಡೆ ಇಟ್ಟು ಹಿರಿಯರ ಹೆಸರು ಹಿಡಿದು ಕೂಗಬೇಕು. ಕೂಗಬೇಕಾದವನು ಗಂಡುಮಗ. ಗಂಗಾಧರ ಹೋದಮೇಲೆ ಕೂಗುವವರಿಲ್ಲ. ಭೈರಮ್ಮ ಎಡೆ ಇಟ್ಟು, ಸುಮ್ಮನೆ ಕೈಮುಗಿದು, ಹಲ್ಲು ಕಚ್ಚಿಕೊಂಡು ಬರುತ್ತಿದ್ದಳು. ಗಂಡು ದಿಕ್ಕಿಲ್ಲದ ಮನೆ, ಇನ್ನೇನು ಮುಗಿದಹಾಗೆ ಎಂದು ಊರು ಬೇಲಿಯಾಚೆ ಆಡಿಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ದಿನ ಗೋದಾಮಿನಲ್ಲಿ ರುದ್ರೇಶನೇ ಅವಳ ಹತ್ತಿರ ಬಂದು ನಿಂತ. ಕೊಬ್ಬರಿ ವ್ಯಾಪಾರಿ, ಒಂದು ಸಲ ಪಂಚಾಯ್ತಿ ಅಧ್ಯಕ್ಷನೂ ಆಗಿದ್ದವನು. ಸಮಾರಂಭ ಎಂದರೆ ಜೀವ ಬಿಡುತ್ತಾನೆ.

"ಭೈರಮ್ಮ, ನಿನ್ ತೋಟದ ದೊರೆ ಗುಡ್ಡೆ ಐತಲ್ಲ, ಅವ್ರ ಮನೆತನದೋರು ಇಂಗ್ಲೆಂಡಿಂದ ಬತ್ತಾವ್ರೆ. ನಾನೇ ಎಲ್ಲಾ ಮಾತಾಡಿವ್ನಿ. ಗೋರಿಗೆ ಹೊಸ ಕಲ್ಲು ಕೂರಿಸ್ತಾರಂತೆ. ಅಮಾಸೆ ದಿನವೇ ಇಟ್ಕೊಂಡಿವ್ನಿ. ತ್ವಾಟ ಸ್ವಲ್ಪ ಕ್ಲೀನಾಗಿರ್ಲಿ ಕಣಮ್ಮ."

ಭೈರಮ್ಮನ ಕೈಯಲ್ಲಿದ್ದ ಮಚ್ಚು ನಿಂತೇಹೋಯಿತು. "ಯಾರು ಬತ್ತಾವ್ರೆ ಅಂದ್ರಿ?"

"ಎಡ್ಮಂಡ್ ಅಂತ. ನಿಮ್ ದೊರೆಯ ತಮ್ಮನ ಮರಿಮಗ."

ಅಂದರೆ ನೆಂಟ! ಮುತ್ತಾತನ ತಮ್ಮನ ಮರಿಮಗ ಎಂದರೆ ತನಗೆ ಅಣ್ಣನೋ ತಮ್ಮನೋ ಆಗಬೇಕು. ಆವತ್ತು ಭೈರಮ್ಮ ಯಾರ ಮೇಲೂ ಕೂಗಾಡದೆ ಮನೆಗೆ ಬಂದದ್ದನ್ನು ನೋಡಿ ಪವಿತ್ರಾಗೆ ಭಯವಾಯಿತು. ಮನೆಗೆ ಸುಣ್ಣ ಹೊಡೆಸಿದ್ದಾಯಿತು. ಗುಡ್ಡೆಗಳ ಸುತ್ತ ಕಳೆ ಕಿತ್ತು ಸಗಣಿ ಸಾರಿಸಿದ್ದಾಯಿತು. ಅವಳ ತಲೆಯಲ್ಲಿ ಒಂದೇ ಯೋಚನೆ ಕೂತುಬಿಟ್ಟಿತ್ತು.

"ಪವಿ, ಅವ್ನು ಗಂಡಸಲ್ವೇನೇ? ನಮ್ಮ ವಂಶದ ಗಂಡಸು. ಎಡೆ ಮುಂದೆ ನಿಂತು ಹೆಸ್ರು ಕೂಗಕ್ಕೆ ಹೇಳ್ಕೊಡು. ಹೊಂಬಾಳಮ್ಮ ಅನ್ನಕ್ಕೆ ನಾಲ್ಗೆ ತಿರ್ಗದೆ ಹೋದ್ರೂ ಪರ್ವಾಗಿಲ್ಲ, ಹೆಂಗಾದ್ರೂ ಅನ್ಲಿ."

"ಅವ್ರಿಗೆ ನಾವು ಯಾರು ಅಂತಾನೇ ಗೊತ್ತಿರಲ್ವೇನೋ ಅವ್ವ," ಅಂದಳು ಪವಿತ್ರಾ.

"ಗೊತ್ತಿಲ್ದೆ ಏನು? ರುದ್ರೇಶಪ್ಪ ಎಲ್ಲಾ ಮಾತಾಡಿವ್ನಿ ಅಂದ್ರಲ್ಲ."

ಹೌದು, ಮಾತಾಡಿದ್ದ. ಏನು ಮಾತಾಡಿದ್ದ ಎನ್ನುವುದು ಅಮಾವಾಸ್ಯೆಯ ಬೆಳಿಗ್ಗೆ ತಿಳಿಯಿತು.

ತೋಟದಲ್ಲಿ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿ, ಮೈಕು, ಹಾರ, ಏಲಕ್ಕಿ ಹಾಕಿದ ಟೀ. ಮುಂದಿನ ಸಾಲಿನಲ್ಲಿ ರುದ್ರೇಶನ ತಾಯಿ ಶಿವರುದ್ರಮ್ಮ, ಎಂಬತ್ತು ದಾಟಿದ ಮುದುಕಿ, ವಿಭೂತಿ ಹಚ್ಚಿಕೊಂಡು ಊರುಗೋಲು ಹಿಡಿದು ಕೂತಿದ್ದರು. ಎಡ್ಮಂಡ್ ಬಂದ. ಸಣಕಲು ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು, ಎಲ್ಲರಿಗೂ ಕೈಮುಗಿಯುತ್ತಿದ್ದ. ಕಣ್ಣು ತಿಳಿಹಸಿರು. ಭೈರಮ್ಮ ಅದನ್ನು ನೋಡಿದಳು. ಎಡೆಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ಹೋದರೆ, ರುದ್ರೇಶ ಅಡ್ಡ ಬಂದ.

"ಈಗ್ಲೇ ಬ್ಯಾಡ ಭೈರಮ್ಮ. ಫಂಕ್ಷನ್ ಮುಗೀಲಿ, ಆಮೇಲೆ ನಿಂದು ಇಟ್ಕೋವಂತೆ. ಕೋಳಿ, ಬ್ರಾಂದಿ ಎಲ್ಲಾ ಅವ್ರ ಮುಂದೆ ಚೆಂದ ಕಾಣಲ್ಲ."

ಅಷ್ಟಕ್ಕೇ ಅವಳ ಮೈ ಬಿಸಿಯಾಯಿತು. ಆದರೂ ತಡೆದುಕೊಂಡಳು. ನೆಂಟರ ಮುಂದೆ ಜಗಳ ಯಾಕೆ ಎಂದು ಹಿಂದೆ ಸರಿದು ನಿಂತಳು. ಭೈರಮ್ಮ ಹಿಂದೆ ಸರಿದಳು ಎಂದರೆ ಆ ದಿನವನ್ನು ಅವಳು ಎಷ್ಟು ಬಯಸಿದ್ದಳು ಎಂದು ನೀವೇ ಲೆಕ್ಕ ಹಾಕಿ. ಗೋರಿಗೆ ಒರಗಿಸಿಟ್ಟಿದ್ದ ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ನುಣುಪಾದ ಕರಿಕಲ್ಲು, ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ. ಎಲ್ಲರೂ ಚಪ್ಪಾಳೆ ತಟ್ಟಿದರು. ಪವಿತ್ರಾ ಮಾತ್ರ ತಟ್ಟಲಿಲ್ಲ.

"ಏನೇ ಬರ್ದವ್ರೆ?"

"ಬುಡವ್ವ."

"ಓದೇ ಅಂದ್ರೆ!"

ಪವಿತ್ರಾ ತಗ್ಗಿದ ದನಿಯಲ್ಲಿ ಓದಿದಳು. "ಲಾರ್ಡ್ ಆಸ್ಕರ್‌ಡೇಲ್ ಅವರ ಎರಡನೇ ಮಗ ಆರ್ಥರ್ ಇಲ್ಲಿ ಮಲಗಿದ್ದಾರೆ. ಮದುವೆಯಾಗದೆ, ಮಕ್ಕಳಿಲ್ಲದೆ ತೀರಿಕೊಂಡರು."

ಬುಟ್ಟಿ ಕೆಳಗಿಟ್ಟಳು ಭೈರಮ್ಮ. ಎಸೆಯಲಿಲ್ಲ, ಅದರಲ್ಲಿ ಹಿರಿಯರ ಅನ್ನವಿತ್ತು. ಸೆರಗು ಸಿಕ್ಕಿಸಿಕೊಂಡು ನೇರ ನಡೆದು ಹೋಗಿ, ಗಾರೆಯವರು ಕಲ್ಲು ಕೂರಿಸಲು ಅಗೆದಿದ್ದ ಗುಳಿಯಲ್ಲೇ ಕಾಲು ಇಳಿಬಿಟ್ಟು ಕೂತುಬಿಟ್ಟಳು.

"ಈ ಕಲ್ಲು ಇಲ್ಲಿ ಕೂರಲ್ಲ! ಯಾವನು ಕೂರಿಸ್ತಾನೋ ಕೂರಿಸ್ಲಿ, ನೋಡ್ತೀನಿ!"

ಮೈಕು ಕುಯ್ಯೆಂದಿತು. ರುದ್ರೇಶ ಓಡಿಬಂದ. "ಏಯ್ ಭೈರಮ್ಮ, ಎದ್ದೇಳು, ಮಾನ ಕಳೀಬ್ಯಾಡ!"

"ಯಾರ ಮಾನ? ನಮ್ಮುತ್ತಜ್ಜಿ ಮಾನ ಬಂಗಾರದ ಅಕ್ಸರದಲ್ಲಿ ಕಳ್ದು ಚಪ್ಪಾಳೆ ಬೇರೆ ತಟ್ತೀರಾ? ಮದ್ವೆ ಆಗಿಲ್ವಾ? ಮಕ್ಕಳಿಲ್ವಾ? ಹಂಗಾದ್ರೆ ನಮ್ ತಾತ ಏನು ತೆಂಗಿನ ಮರದಿಂದ ಉದುರಿದ್ನಾ? ನಾನು ಯಾರು? ಪವಿ, ಕೇಳೇ ಅವನ್ನ. ನನ್ ಕಣ್ಣು ನೋಡಿ ಹೇಳು ಅನ್ನು!"

ಪವಿತ್ರಾ ಕೇಳಿದಳು. ಎಡ್ಮಂಡ್ ಬಂದು ಭೈರಮ್ಮನ ಎದುರು ಮಂಡಿಯೂರಿ ಕೂತ. ಅವಳ ಕಣ್ಣನ್ನು ನೋಡಿ ಅವನ ಮುಖ ಬದಲಾಯಿತು. ಆಮೇಲೆ ತನ್ನ ಫೋನಿನಲ್ಲಿ ವಂಶವೃಕ್ಷ ತೆಗೆದು ತೋರಿಸಿದ. ಮೇಲೆ ಲಾರ್ಡು, ಅವನ ಕೆಳಗೆ ಮೂವರು ಗಂಡುಮಕ್ಕಳು. ಲಾರ್ಡ್ ಪಟ್ಟ ಅವರಲ್ಲಿ ಗಂಡಿನಿಂದ ಗಂಡಿಗೆ ಹೋಗುತ್ತದೆ, ಹೆಣ್ಣಿಗೆ ಬರುವುದಿಲ್ಲ. ಅದೂ ಕಾಯಿದೆಯ ಮದುವೆಯಲ್ಲಿ ಹುಟ್ಟಿದ ಗಂಡಾಗಿರಬೇಕು. ಹಿರಿಯವನ ಕವಲು ಮೊನ್ನೆ ಗಂಡಿಲ್ಲದೆ ಮುಗಿಯಿತು. ಎರಡನೆಯವನು ಆರ್ಥರ್, ಅವನ ಕೆಳಗಿನ ಗೆರೆ ಅಲ್ಲೇ ನಿಂತಿತ್ತು. ಮೂರನೆಯವನ ಗೆರೆ ಇಳಿದು ಇಳಿದು ಎಡ್ಮಂಡನಿಗೆ ಬಂದಿತ್ತು. ಪಟ್ಟ ಅವನಿಗೆ ಸಿಗಬೇಕಾದರೆ ಆರ್ಥರನ ಕೆಳಗೆ ಅಂಥ ಗಂಡು ಯಾರೂ ಇರಬಾರದು.

ಪವಿತ್ರಾ ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಭೈರಮ್ಮನ ಕೋಪ ನೆತ್ತಿಗೇರಿತ್ತು.

"ಥೂ! ಅವ್ರ ಪಟ್ಟ ಯಾರಿಗೆ ಬೇಕಾಗೈತೆ? ನಮ್ಮಲ್ಲಿ ಗಂಡು ಎಲ್ಲವ್ನೆ? ಗಂಗಾಧರ ಮಣ್ಣಾಗಿ ಎಷ್ಟು ಕಾಲಾಯ್ತು? ಅವನ ದಾರಿಗೆ ಅಡ್ಡ ಬರಕ್ಕೆ ಒಂದು ಹುಲ್ಲುಕಡ್ಡಿನೂ ಉಳಿದಿಲ್ಲ ಅನ್ನು. ಹಂಗಿದ್ರೂ ಯಾಕೆ ಸುಳ್ಳು ಬರೀತಾನೆ ಕೇಳು!"

ಎಡ್ಮಂಡ್ ತಡವರಿಸುತ್ತ ಏನೋ ಹೇಳಿದ. ಪವಿತ್ರಾ ತಿರುಗಿ ರುದ್ರೇಶನನ್ನೇ ನೋಡಿದಳು.

"ಅವ್ರು ಮುಂಚೇನೇ ಕೇಳಿದ್ರಂತೆ ಅವ್ವ. ಆರ್ಥರ್‌ಗೆ ಇಲ್ಲಿ ಹೆಂಡ್ತಿ ಮಕ್ಕಳು ಇದ್ರಾ ಅಂತ. ಯಾರೂ ಇರ್ಲಿಲ್ಲ, ಸನ್ಯಾಸಿ ಥರ ಇದ್ರು ಅಂತ ರುದ್ರೇಶಪ್ಪಾರೇ ಹೇಳಿದ್ರಂತೆ."

ಭೈರಮ್ಮ ನಿಧಾನವಾಗಿ ತಲೆ ಎತ್ತಿದಳು. ಇಷ್ಟು ಹೊತ್ತು ಸಮುದ್ರದಾಚೆಯವನ ಮೇಲಿದ್ದ ಸಿಟ್ಟು ಮನೆ ಹಾದಿ ಹಿಡಿದು ವಾಪಸು ಬಂತು. ಬಿಳಿಯನಿಗೆ ಗೊತ್ತಿರಲಿಲ್ಲ, ಸರಿ. ದಿನಾ ತನ್ನ ಕೈಯಲ್ಲಿ ಕರಟ ಒಡೆಸುವ ಇವನಿಗೆ ಗೊತ್ತಿರಲಿಲ್ಲವೇ?

"ನೀವಾ ಹೇಳಿದ್ದು?"

"ಮತ್ತಿನ್ನೇನ್ ಹೇಳ್ಬೇಕಾಗಿತ್ತು?" ರುದ್ರೇಶನ ದನಿಯೂ ಏರಿತು. "ಅಂಥಾ ದೊಡ್ಡ ಮನೆತನದೋರಿಗೆ, ನಿಮ್ ಹಿರೀಕ ಇಲ್ಲಿ ಅಡ್ಗೆಯೋಳ ಜೊತೆ ಇದ್ದ ಅಂತ ಹೇಳ್ಳಾ? ಊರಿಗೇ ಕೆಟ್ಟ ಹೆಸ್ರು. ಕೂಡಾವಳಿ ಏನು ಮದ್ವೇನಾ ಭೈರಮ್ಮ? ನಾಲ್ಕು ಜನಕ್ಕೆ ಹೇಳ್ಕೊಳೋ ಅಂಥದ್ದಾ ಅದು?"

"ಕೂಡಾವಳಿ ಮದ್ವೆ ಅಲ್ಲಾಂದ್ರೆ," ಭೈರಮ್ಮ ಗುಳಿಯಿಂದ ಎದ್ದು ನಿಂತಳು, "ನಿಮ್ಮಜ್ಜಿ..."

ಅಲ್ಲಿಗೆ ನಿಲ್ಲಿಸಿದಳು.

ರುದ್ರೇಶನ ಅಜ್ಜಿ ಚನ್ನಬಸಮ್ಮ ಆ ಮನೆಗೆ ಕೂಡಾವಳಿಯಲ್ಲೇ ಬಂದವರು. ಇದೂ ಊರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಮುಂದಿನ ಸಾಲಿನಲ್ಲಿ ಶಿವರುದ್ರಮ್ಮ ಕೂತಿದ್ದರು. ಗಂಗಾಧರ ಸತ್ತಾಗ ತಾನು ಗೋದಾಮಿನ ಒಡತಿ ಎಂದು ನೋಡದೆ ಭೈರಮ್ಮನ ಪಕ್ಕ ನೆಲದಲ್ಲಿ ಕೂತು ಅತ್ತ ಹೆಂಗಸು ಆಕೆ. ಅವರ ಅತ್ತೆಯ ಹೆಸರನ್ನು ಹೀಗೆ ಮೈಕಿನ ಮುಂದೆ ಬೀದಿಗೆ ಎಳೆಯುವುದೇ? ಭೈರಮ್ಮನಿಗೆ ಸಿಟ್ಟಿನಿಂದ ಕಣ್ಣು ಮಂಜಾಯಿತು. ತುಟಿ ಕಚ್ಚಿಕೊಂಡು ಮತ್ತೆ ಗುಳಿಯಲ್ಲಿ ಕೂತಳು.

"ಕಲ್ಲು ಮಾತ್ರ ಕೂರಲ್ಲ. ನನ್ ಮೇಲೇ ಕೂರಿಸ್ಕೊಳ್ಳಿ."

ಎಡ್ಮಂಡ್ ಇಬ್ಬರ ಮುಖವನ್ನೂ ನೋಡಿ ಸಮಾಧಾನದ ದಾರಿಯೊಂದನ್ನು ಹೇಳಿದ. ಪಟ್ಟಕ್ಕಾಗಿ ಈ ವಂಶಾವಳಿಯನ್ನು ಅಲ್ಲಿ ಒಪ್ಪಿಸಿ ಆಗಿದೆ, ಇಂಥ ಮದುವೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಈ ಸಾಲು ಹಾಗೇ ಇರಬೇಕಾಗುತ್ತದೆ. ಬೇಕಾದರೆ ಕೆಳಗೆ 'ಊರಿನ ಜನ ಪ್ರೀತಿಯಿಂದ ನೋಡಿಕೊಂಡರು' ಎಂದು ಸೇರಿಸೋಣ. ಅವನು ಕೆಟ್ಟವನಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

"ಊರಿನ ಜನವಂತೆ! ಜ್ವರದಾಗೆ ಅವನ ವಾಂತಿ ಬಳಿದೋಳು ಊರಿನ ಜನವಾ? ಲೇ ಪವಿ, ಹೇಳು ಅವನಿಗೆ..."

"ಭೈರಿ, ತಡಿ."

ಶಿವರುದ್ರಮ್ಮ ಎದ್ದಿದ್ದರು. ಊರುಗೋಲು ಊರಿಕೊಂಡು ಕುರ್ಚಿಗಳ ನಡುವೆ ಬಂದರು. ಮಗ ಕೈಹಿಡಿಯಲು ಹೋದರೆ ಕೊಡವಿಕೊಂಡರು. ಕಲ್ಲಿನ ಮುಂದೆ ನಿಂತು ಆ ಬಂಗಾರದ ಅಕ್ಷರಗಳ ಮೇಲೆ ಕೋಲಿನಿಂದ ಒಮ್ಮೆ ಬಡಿದರು.

"ರುದ್ರೇಶ, ಈ ಕಲ್ಲು ಕೆತ್ತಿದೋನು ಇನ್ನೂ ಇಲ್ಲೇ ಅವ್ನಾ?"

"ಯಾಕವ್ವ?"

"ಇಂಥದ್ದೇ ಇನ್ನೊಂದು ಕೆತ್ತಕ್ಕೆ ಹೇಳು. ನಿಮ್ಮ ತಾತನ ಸಮಾಧಿಗೆ. ಮದ್ವೆ ಇಲ್ಲ, ಮಕ್ಕಳಿಲ್ಲ ಅಂತ ಬರ್ಸು. ನಮ್ಮತ್ತೆ ಚನ್ನಬಸಮ್ಮನೂ ಕೂಡಾವಳೀಲಿ ಬಂದೋರೇ ಅಲ್ವೇ? ಬರ್ಸಿಬುಟ್ಟು, ನಿಮ್ಮಪ್ಪ ಯಾರ ಮಗ, ನೀನು ಯಾರ ಮೊಮ್ಮಗ ಅಂತ ಆ ಮೈಕಿನಾಗೆ ಕೂಗಿ ಹೇಳು. ನಾವೂ ಚಪ್ಪಾಳೆ ತಟ್ತೀವಿ."

ರುದ್ರೇಶನ ಕೊರಳಿನ ಹಾರ ಒಂದು ಕಡೆಗೆ ವಾಲಿತ್ತು, ಸರಿಮಾಡಿಕೊಳ್ಳಲು ಕೈ ಏಳಲಿಲ್ಲ.

"ನಾನು ಆ ಮನೆಗೆ ಬಂದಾಗ್ನಿಂದ ನೋಡ್ತಾ ಇವ್ನಿ," ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಪ್ರತಿ ವರ್ಸ ಎಡೆ ಇಡ್ತೀರಿ. ಮಾವಯ್ಯನ ಹೆಸ್ರು ಹೇಳ್ತೀರಿ, ಅವ್ರ ಸತ್ತೋದ ಮೊದಲ್ನೇ ಹೆಂಡ್ತಿ ಹೆಸ್ರು ಹೇಳ್ತೀರಿ. ನಿಮ್ಮನ್ನೆಲ್ಲ ಹೆತ್ತು ಹೊತ್ತೋಳ ಹೆಸ್ರು ಒಂದ್ಸಲ ಹೇಳಿದ್ದಿಲ್ಲ. ನನ್ ಕೈಯಾಗೇ ಪ್ರಾಣ ಬುಟ್ಟದ್ದು ಆಯಮ್ಮ. ನಾನೂ ಬಾಯಿ ಮುಚ್ಕೊಂಡೇ ಇದ್ದೆ. ಈ ಭೈರಿ ನೋಡು, ಈಗ ಬಾಯಿಗೆ ಬಂದದ್ದನ್ನ ನುಂಗಿಕೊಂಡ್ಲು. ನನ್ ಮುಖ ನೋಡಿ ನುಂಗಿದ್ಲು. ಅದಕ್ಕೇ ನಾನೇ ಹೇಳ್ದೆ. ಎತ್ತಿಸ್ಲಾ ಆ ಕಲ್ಲ!"

ಕೂಲಿಯವರು ರುದ್ರೇಶನ ಕಡೆ ನೋಡಿದರು. ರುದ್ರೇಶ ನೆಲ ನೋಡಿದ. ಇನ್ನು ಕೇಳುವುದೇನಿದೆ? ಕಲ್ಲನ್ನು ಎತ್ತಿ, ತಂದಿದ್ದ ಟ್ರ್ಯಾಕ್ಟರಿಗೇ ವಾಪಸು ಹಾಕಿದರು. ಎಡ್ಮಂಡ್ ತಡೆಯಲಿಲ್ಲ. ಪವಿತ್ರಾ ಎಲ್ಲವನ್ನೂ ಹೇಳಿದಳೋ, ಅರ್ಧ ಹೇಳಿದಳೋ ಗೊತ್ತಿಲ್ಲ, ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಾನು ಈಗ ಏನು ಮಾಡಬೇಕು ಎಂದು ಕೇಳಿದ.

"ಚಪ್ಪಲಿ ಬುಟ್ಟು ನಿಂತ್ಕೊಳ್ಳಕ್ಕೆ ಹೇಳು," ಅಂದಳು ಭೈರಮ್ಮ. "ಉಂಡ್ಕೊಂಡು ಹೋಗ್ಲಿ. ಬ್ಯಾಡ ಅನ್ನಕ್ಕೆ ಆಗಲ್ಲ, ಕಣ್ಣು ಹಂಗೈತೆ."

"ಹೆಸ್ರು ಕೂಗಕ್ಕೆ ಹೇಳ್ಕೊಡ್ಲಾ ಅವ್ವ?"

ಭೈರಮ್ಮ ಬುಟ್ಟಿ ಬಿಚ್ಚುತ್ತಿದ್ದವಳು ಮಗಳನ್ನು ದುರುಗುಟ್ಟಿ ನೋಡಿದಳು. "ಅವನ್ಯಾಕೆ ಕೂಗ್ಬೇಕು? ನಂಗೇನು ಗಂಟ್ಲಿಲ್ವಾ?"

ಎರಡು ಎಲೆ ಹಾಸಿದಳು. ಕೋಳಿಸಾರು, ಕಜ್ಜಾಯ, ಹೊಗೆಸೊಪ್ಪು, ಚುಟ್ಟ. ಬ್ರಾಂದಿಯನ್ನು ಲೋಟಕ್ಕೆ ಬಗ್ಗಿಸಿದಳು. ಅಷ್ಟರಲ್ಲಿ ಶಿವರುದ್ರಮ್ಮ, "ನಂಗೂ ಒಂದು ಎಲೆ ಕೊಡು. ಆ ಕಡೆ ದೂರದಾಗೆ, ಕೋಳಿ ಸೋಕ್ದಂಗೆ" ಅಂದರು. ಭೈರಮ್ಮ ಎಲೆಯನ್ನು ನೀರಿನಿಂದ ತೊಳೆದು ತಾನೇ ಹಾಸಿದಳು. ಅದರ ಮೇಲೆ ಇಡಲು ಕಜ್ಜಾಯ ಬಿಟ್ಟು ಬೇರೇನೂ ಇರಲಿಲ್ಲ. ನಮ್ಮತ್ತೆಗೆ ಅದೇ ಪ್ರಾಣ ಕಣೇ ಅಂದರು ಮುದುಕಿ.

ಆಮೇಲೆ ಭೈರಮ್ಮ ಗುಡ್ಡೆಗಳ ಮುಂದೆ ನಿಂತಳು. ಹೆಂಗಸು ಕೂಗಿದ್ದನ್ನು ಆ ತೋಟ ಅದುವರೆಗೆ ಕೇಳಿರಲಿಲ್ಲ. ಮೈಕನ್ನು ಯಾರೂ ಆರಿಸಿರಲಿಲ್ಲ, ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

"ಹೊಂಬಾಳಮ್ಮ! ಹೊಂಬಾಳಮ್ಮನ ಗಂಡ ಹಾತರಪ್ಪ! ಅವರ ಮಗ ಸಣ್ಣದೊರೆ! ಸಣ್ಣದೊರೆ ಮಗ ಹನುಮಂತಯ್ಯ! ಹನುಮಂತಯ್ಯನ ಮಗ ಗಂಗಾಧರ! ಬನ್ನಿ, ಎಲ್ಲಾರೂ ಬಂದು ಉಣ್ಣಿ! ಕರೀತಿರೋಳು ಹನುಮಂತಯ್ಯನ ಮಗಳು ಭೈರಮ್ಮ!"

ಸೆರಗಿನಿಂದ ಮೂಗು ಒರೆಸಿಕೊಂಡು ಪಕ್ಕಕ್ಕೆ ತಿರುಗಿದಳು. ಶಿವರುದ್ರಮ್ಮ ತಮ್ಮ ಎಲೆಯ ಮುಂದೆ ಬಾಯಿ ತೆರೆದು ನಿಂತಿದ್ದರು, ಕೂಗು ಹೊರಡುತ್ತಿರಲಿಲ್ಲ. ಅಷ್ಟು ವರ್ಷ ಮುಚ್ಚಿದ್ದ ಬಾಯಿ. ಶಾಮಿಯಾನದ ಕಂಬ ಹಿಡಿದು ನಿಂತಿದ್ದ ರುದ್ರೇಶನನ್ನು ನೋಡಿದರು.

"ಏನ್ಲಾ ನಿಂತಿದ್ದೀಯ? ಬಂದು ಕೂಗು. ನಿಮ್ಮಜ್ಜಿ ಕಾಯ್ತಾ ಅವ್ರೆ."

ರುದ್ರೇಶ ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟ. ಚಪ್ಪಲಿ ಬಿಟ್ಟ. ಬಂದು ಎಲೆಯ ಮುಂದೆ ನಿಂತು ಗಂಟಲಲ್ಲೇ ಏನೋ ಗೊಣಗಿದ.

"ಕೇಳಿಸ್ಲಿಲ್ಲ," ಅಂದಳು ಭೈರಮ್ಮ. "ಜೋರಾಗಿ."